ಕಾಫಿ ಸಾಲಿನಲ್ಲಿ ಸರ್ಕಾರ

ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಕಾಫಿಗೆ ಸಾಲು ನಿಂತವರು ಚಳಿ, ಹಾಕಿ ಆಟ ಬಿಟ್ಟು ಬೇರೆ ಮಾತಾಡುವುದೇ ಅಪರೂಪ. ಇವತ್ತು (2008ರ ಡಿಸೆಂಬರ್ 4) ನೋಡಿದರೆ ಇಡೀ ಸಾಲು ಸರ್ಕಾರದ ಮೇಲೆ ಜಗಳಕ್ಕೆ ನಿಂತಿತ್ತು! ಪ್ರಧಾನಿ ಹಾರ್ಪರ್ ಸರ್ಕಾರಕ್ಕೆ ಬಹುಮತ ಇಲ್ಲ; ಅದನ್ನು ಇಳಿಸಿ ಸಮ್ಮಿಶ್ರ ಸರ್ಕಾರ ಮಾಡಲು ವಿರೋಧ ಪಕ್ಷಗಳು ಒಪ್ಪಂದ ಮಾಡಿಕೊಂಡಿವೆ.

ಹಿಂದಿದ್ದ ಅಜ್ಜಿ, "ನಾವು ಆರಿಸಿದ ಪ್ರಧಾನಿಯನ್ನ ಹಿಂಬಾಗಿಲಿಂದ ಇಳಿಸ್ತಿದ್ದಾರೆ" ಅಂದರು. ಮುಂದಿದ್ದ ಹುಡುಗ ತಿರುಗಿ, "308 ಸೀಟಲ್ಲಿ ಹಾರ್ಪರ್‌ಗೆ ಇರೋದು 143 ಅಷ್ಟೇ ಅಲ್ವಾ?" ಅಂದ.

ಲೆಕ್ಕ ಹುಡುಗನದ್ದೇ ಸರಿ. ಆದರೆ ಒಪ್ಪಂದ ಮಾಡಿಕೊಂಡ ಲಿಬರಲ್, ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಸೇರಿದರೂ 114. ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕು ಅನ್ನುವ ಬ್ಲಾಕ್ ಪಕ್ಷದ 49 ಜನ ಕೈಹಿಡಿಯಲೇಬೇಕು. ಅಜ್ಜಿಯ ಸಿಟ್ಟು ಇರುವುದೇ ಅಲ್ಲಿ.

ನಿನ್ನೆ ರಾತ್ರಿ ಟೀವಿಯಲ್ಲಿ ಲಿಬರಲ್ ನಾಯಕ ಡಿಯೋನ್ ಭಾಷಣ ನೋಡಿದ್ರಾ? ಟೇಪ್ ಟೀವಿಯವರಿಗೆ ತಲುಪಿದ್ದೇ ತಡವಾಗಿ. ಬಂದದ್ದೂ ಮಸುಕು ಮಸುಕು, ಮುಖವೇ ಸರಿಯಾಗಿ ಕಾಣದು. ಆಫೀಸಿನಲ್ಲಿ ದಿನವಿಡೀ ಅದೇ ನಗು. ಒಪ್ಪಂದದಲ್ಲಿ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ಪಾಪ ಮನುಷ್ಯ.

ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್ ಅಂತೂ ಜನವರಿ 26ರ ತನಕ ಅಧಿವೇಶನ ನಿಲ್ಲಿಸಿ ಸಂಸತ್ತಿಗೆ ಬೀಗ ಹಾಕಿದರು. ಸಮ್ಮಿಶ್ರ ಸರ್ಕಾರ ನೋಡಿ ನೋಡಿ ಸಾಕಾಗಿ ಬಂದ ನಮಗೆ ಇದೆಲ್ಲ ಮಾಮೂಲು. ಇಲ್ಲಿನವರಿಗೆ ಮಾತ್ರ ಮನೆಗೆ ಕಳ್ಳ ನುಗ್ಗಿದ ಹಾಗಾಗಿದೆ.

ಶನಿವಾರ ಪರ, ವಿರೋಧ ಎರಡೂ ಕಡೆಯವರ ರ್‍ಯಾಲಿ ಇದೆಯಂತೆ. ಯಾರಾದರೂ ಹೋಗ್ತಿದ್ದೀರಾ?