4.6 ವೋಲ್ಟ್ ಹುಡುಕಿಕೊಂಡು ಎಸ್.ಪಿ. ರೋಡಿಗೆ

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದೆ. ಹಾಲ್‌ನಿಂದ ಟಪ್ ಅಂತ ಸದ್ದು ಬಂತು, ಹಿಂದೆಯೇ ಸುಟ್ಟ ವಾಸನೆ, ಫ್ಯಾನೂ ನಿಂತಿತು. ಓಡಿಹೋಗಿ ನೋಡಿದರೆ ಮಗ ಗೋಡೆಗೆ ಒತ್ತಿಕೊಂಡು ನಿಂತಿದ್ದ.

"ಅಮ್ಮಾ, ನಾನೇನೂ ಮಾಡ್ಲಿಲ್ಲ, ಸ್ವಿಚ್ ಹಾಕಿದ್ದು ಅಷ್ಟೇ."

ಡಲ್ಲಾಸ್‌ನಿಂದ ಬಂದಿದ್ದ ನಮ್ಮಣ್ಣ ಹಿಂದಿನ ರಾತ್ರಿ ಅವನಿಗೆ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್, ಒಂದು ಹಳೇ ನಿಂಟೆಂಡೊ 3ಡಿಎಸ್ ಕೊಟ್ಟಿದ್ದ, ಜೊತೆಗೆ ಅಲ್ಲಿಯದೇ ಚಾರ್ಜರ್. ಅದರ ಚಪ್ಪಟೆ ಪಿನ್ ನಮ್ಮ ಸಾಕೆಟ್‌ಗೆ ಕೂರುವುದಿಲ್ಲ ಅಂತ ಕನ್ವರ್ಟರ್ ಪಿನ್ ಹುಡುಕಿಕೊಟ್ಟವಳು ನಾನೇ. ಆ ಪಿನ್ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜನ್ನಲ್ಲ. ನಮ್ಮ ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳು 100ರಿಂದ 240 ವೋಲ್ಟ್‌ವರೆಗೂ ತಡೆದುಕೊಳ್ಳುತ್ತವಲ್ಲ, ಇದೂ ಹಾಗೇ ಇರಬೇಕು ಅಂದುಕೊಂಡಿದ್ದೆ. ಸುಟ್ಟ ಮೇಲೆ ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದರೆ, ಸಾಸಿವೆಯಂಥ ಅಕ್ಷರದಲ್ಲಿ ಇತ್ತು: ಇನ್‌ಪುಟ್ 120 ವೋಲ್ಟ್, 60 ಹರ್ಟ್ಜ್. ನಮ್ಮ ಮನೆಗೆ ಬರುವುದು 230. ವೈರನ್ನು ಇನ್ನೂ ಗೇಮ್‌ಗೆ ಚುಚ್ಚಿರಲಿಲ್ಲ, ಪುಣ್ಯ.

ಅದೇ ಲೇಬಲ್‌ನಲ್ಲಿ ಔಟ್‌ಪುಟ್ ಕೂಡ ಇತ್ತು, 4.6 ವೋಲ್ಟ್, 900 ಮಿಲಿಆಂಪ್. ಸುಟ್ಟ ಚಾರ್ಜರನ್ನು ಕವರ್‌ನಲ್ಲಿ ಹಾಕಿಕೊಂಡು ಇಬ್ಬರೂ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮೆಟ್ರೋ ಹತ್ತಿದೆವು. ಚಿಕ್ಕಪೇಟೆಯಲ್ಲಿ ಇಳಿದು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ನಡೆದೆವು.

ಮೊದಲನೇ ಅಂಗಡಿಯ ಹುಡುಗ ಒಂದು ಕರಿ ಡಬ್ಬಿ ತೆಗೆದಿಟ್ಟ. 5 ವೋಲ್ಟ್, 1 ಆಂಪ್, ₹180. ಆದರೆ ಪಿನ್ ದುಂಡಗಿತ್ತು, ಇವನ ಗೇಮ್‌ಗೆ ಬೇಕಾದದ್ದು ಚಪ್ಪಟೆಯದು. "ಅದೇನಿಲ್ಲ ಮೇಡಂ, ಹಳೇ ವೈರ್ ಕತ್ತರಿಸಿ ಇದಕ್ಕೆ ಜೋಡಿಸಿಕೊಡ್ತೀನಿ, ಐದೇ ನಿಮಿಷ" ಅಂದ. ಕೈಯಲ್ಲಿ ಹಿಡಿದು ನೋಡಿದೆ, ಒಳ್ಳೇ ಭಾರ ಇತ್ತು. ಭಾರ ಇದ್ದರೆ ಗಟ್ಟಿ ಮಾಲು ಅಂತ ನನ್ನ ಲೆಕ್ಕ. ಆದರೂ ಬೆಳಗಿನ ಆ ವಾಸನೆ ಇನ್ನೂ ಮೂಗಿನಲ್ಲೇ ಇತ್ತು, ದುಡ್ಡು ಕೊಡಲು ಮನಸ್ಸು ಬರಲಿಲ್ಲ. ಎದುರು ಕಟ್ಟಡದ ಮಹಡಿ ಮೇಲೆ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಒಬ್ಬರು ವಯಸ್ಸಾದವರು ಕೂತಿದ್ದರು. ಹುಡುಗನನ್ನು ಕೇಳಿ ಡಬ್ಬಿಯನ್ನು ಅವರ ಹತ್ತಿರ ತೆಗೆದುಕೊಂಡು ಹೋದೆ.

ಅವರು ಏನೂ ಮಾತಾಡದೆ ಅದನ್ನು ಪ್ಲಗ್‌ಗೆ ಹಾಕಿ ಮೀಟರ್‌ನ ಎರಡು ಕಡ್ಡಿ ಇಟ್ಟರು. 7.3.

"ನೋಡಮ್ಮಾ, ಬರೆದಿರೋದು ಐದು, ಕೊಡ್ತಿರೋದು ಏಳರ ಮೇಲೆ. ಭಾರ ಯಾಕಿದೆ ಅಂದ್ರೆ ಒಳಗೆ ಹಳೇ ಕಾಲದ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ಕೆಪಾಸಿಟರ್, ಅಷ್ಟೇ. ವೋಲ್ಟೇಜ್ ಹಿಡಿದಿಡೋ ಭಾಗ ಇಲ್ಲ. ಲೋಡ್ ಬಿದ್ರೆ, ಅಂದ್ರೆ ಗೇಮ್ ಕರೆಂಟ್ ಎಳೆದ್ರೆ, ಇಳಿಯುತ್ತೆ, ಆದ್ರೆ ಎಲ್ಲಿಗೆ ಬಂದು ನಿಲ್ಲುತ್ತೋ ಹೇಳಕ್ಕಾಗಲ್ಲ."

ಆಂಪ್ ಬಗ್ಗೆ ಕೇಳಿದೆ. ಅದು ಜಾಸ್ತಿ ಇದ್ದರೆ ಪರವಾಗಿಲ್ಲ, ಗೇಮ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ, ಕಮ್ಮಿ ಇದ್ದರೆ ಅಡಾಪ್ಟರ್ ಸುಡುವಷ್ಟು ಬಿಸಿಯಾಗುತ್ತದೆ ಅಂದರು. ವೈರ್ ಜೋಡಿಸುವುದಂತೂ ಬೇಡವೇ ಬೇಡ, ಪ್ಲಸ್ ಮೈನಸ್ ತಿರುಗಾ ಮುರುಗಾ ಆದರೆ ಮುಗೀತು. ಹೇಳುತ್ತಾ ಹೇಳುತ್ತಾ ನನ್ನ ಮಗನ ಕೈ ನೋಡಿದರು. "ಗೇಮ್ ಒಳಗಿರೋದು ಲಿಥಿಯಂ ಬ್ಯಾಟರಿ. ಮಕ್ಕಳು ಚಾರ್ಜ್‌ಗೆ ಹಾಕಿಕೊಂಡೇ ಆಡ್ತಾರೆ, ಮುಖದ ಹತ್ತಿರ ಹಿಡ್ಕೊಂಡು." ಆ ಮಾತು ಕೇಳಿ ನನ್ನ ಹೊಟ್ಟೆಯಲ್ಲಿ ಕಲಸಿದಂತಾಯಿತು. ದುಡ್ಡು ಉಳಿಸುವ ಜಾಗವೇ ಅಲ್ಲ ಇದು.

ಆಮೇಲೆ ಐದಾರು ಅಂಗಡಿ ಸುತ್ತಿದೆವು. ಕೊನೆಗೆ ಗೇಮ್ ಸಾಮಾನು ಮಾರುವ ಒಂದು ಚಿಕ್ಕ ಅಂಗಡಿಯಲ್ಲಿ ಸಿಕ್ಕಿತು. ಇನ್‌ಪುಟ್ 100ರಿಂದ 240, 50/60 ಹರ್ಟ್ಜ್. ಔಟ್‌ಪುಟ್ 4.6 ವೋಲ್ಟ್, 900 ಮಿಲಿಆಂಪ್. ಅದೇ ಚಪ್ಪಟೆ ಪಿನ್. ಸಾಮಾನಿನ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತಿನ ಕೆಳಗೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್ ಇತ್ತು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು ಅಲ್ವಾ? ಅಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನಂಬರ್ ಹೊಡೆದು ನೋಡಿದೆ, ಡಬ್ಬದ ಮೇಲಿದ್ದ ಕಂಪನಿಯ ಹೆಸರೇ ಬಂತು. ₹650 ಕೊಟ್ಟೆ. ಮತ್ತೆ ಮಹಡಿ ಹತ್ತಿ ಮೀಟರ್ ಇಡಿಸಿದೆ. 4.7. "ತಗೊಂಡು ಹೋಗಿ" ಅಂದರು. ಎಷ್ಟು ಕೊಡಲಿ ಅಂತ ಕೇಳಿದರೆ ಕೈ ಆಡಿಸಿ ತಮ್ಮ ಕೆಲಸಕ್ಕೆ ಕೂತರು.

ಮನೆಗೆ ಬಂದು ಕಲ್ಲಿನ ನೆಲದ ಮೇಲೆ ಇಟ್ಟು ಚಾರ್ಜ್‌ಗೆ ಹಾಕಿದೆ. ಹಾಸಿಗೆ, ಸೋಫಾ ಮೇಲೆ ಇಡಲೇಬಾರದು ಅಂತ ಹೇಳಿದೆ. ಕಿತ್ತಳೆ ದೀಪ ಹತ್ತಿತು. ಹತ್ತು ನಿಮಿಷಕ್ಕೊಮ್ಮೆ ಹೋಗಿ ಅಡಾಪ್ಟರ್ ಮುಟ್ಟಿ ನೋಡುತ್ತಿದ್ದೆ. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮೂರು ಗಂಟೆ ಮೇಲಾಯಿತು ದೀಪ ಆರುವಷ್ಟರಲ್ಲಿ, ಅಲ್ಲಿಯವರೆಗೂ ಅವನು ಆಟ ಮುಟ್ಟಲಿಲ್ಲ.

ರಾತ್ರಿ ಅವನು ಅಜ್ಜಿಯ ಬಿಪಿ ಮೆಷಿನ್‌ನ ಅಡಾಪ್ಟರನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಅಮ್ಮಾ, ಇದು 6 ವೋಲ್ಟ್. ನಂದಕ್ಕೆ ಆಗಲ್ಲ" ಅಂದ.