ಹಳೇ ನಂಬರ್ ಪ್ಲೇಟ್ ಬೇಕಾ ಅಂತ ಕೇಳಿದ್ರು

ಮಂಗಳವಾರದಿಂದ ಒಂದೇ ವಿಷ್ಯ ತಲೇಲಿ ಸುತ್ತುತಾ ಇದೆ. ಬರ್ದುಬಿಟ್ರೆ ಸ್ವಲ್ಪ ಹಗುರ ಆಗ್ಬಹುದೇನೋ ಅಂತ ಕೂತಿದೀನಿ. ಇಂಗ್ಲೆಂಡಿಂದ ಐರ್ಲೆಂಡಿಗೆ ಮನೆ ಬದಲಾಯಿಸಿದ್ವಿ, ಜೊತೆಗೆ ತಂದ ಕಾರಿಗೆ ಅವತ್ತು ಇಲ್ಲಿನ ನಂಬರ್ ಹಾಕಿಸೋಕೆ ಹೋಗಿದ್ವಿ.

ನಂಬರ್ ಪ್ಲೇಟ್ ಹಾಕೋ ಅಂಗಡಿಯವ್ರು ಕಾರಿನ ಹಿಂದಿದ್ದ ಇಂಗ್ಲೆಂಡಿನ ಹಳದಿ ಪ್ಲೇಟನ್ನ (ಅಲ್ಲಿ ಸ್ವಂತ ಕಾರಿಗೂ ಹಿಂದಿನ ಪ್ಲೇಟ್ ಹಳದೀನೇ) ಬಿಚ್ಚಿ, ಒಂದ್ಸಲ ಬಟ್ಟೇಲಿ ಒರೆಸಿ, ಎರಡೂ ಕೈಲಿ ಹಿಡ್ಕೊಂಡು ನನ್ನ ಕಡೆ ತಿರುಗಿ "ಇದು ನಿಮ್ಗೆ ಬೇಕಾ?" ಅಂದ್ರು. ನಾನು ಇನ್ಶೂರೆನ್ಸ್‌ನವ್ರಿಗೆ ಫೋನಲ್ಲಿ ಹೊಸ ನಂಬರ್ ಟೈಪ್ ಮಾಡ್ತಾ ಇದ್ದೆ. ತಲೇನೂ ಎತ್ಲಿಲ್ಲ, "ಬೇಡ" ಅಂದೆ. ಅವ್ರು ಅದನ್ನ ಮೂಲೇಲಿದ್ದ ಡಬ್ಬಕ್ಕೆ ಹಾಕಿದ್ರು. ಪ್ಲಾಸ್ಟಿಕ್ ಮೇಲೆ ಪ್ಲಾಸ್ಟಿಕ್ ಬಿದ್ದ ಸದ್ದು ಬಂತು, ಅಷ್ಟೇ. ಮಗಳು ಪಕ್ಕದಲ್ಲೇ ನಿಂತಿದ್ಲು, ಅವಳು ಡಬ್ಬದ ಕಡೆ ನೋಡಿ ನನ್ನ ಮುಖ ನೋಡಿದ್ಲು. ಏನೂ ಹೇಳ್ಲಿಲ್ಲ.

ನಮ್ದು ಹೋಂಡಾ ಸಿವಿಕ್, 2016ರ ಅಕ್ಟೋಬರ್‌ದು. ಇಂಗ್ಲೆಂಡಲ್ಲಿ ರೆಡಿಂಗ್‌ನಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದು ತಯಾರಾದ ಸ್ವಿಂಡನ್ ಫ್ಯಾಕ್ಟರಿ ಅಲ್ಲಿಂದ ಬಹಳ ದೂರ ಏನಿಲ್ಲ, ಆ ಫ್ಯಾಕ್ಟರೀನೂ 2021ರ ಜುಲೈನಲ್ಲಿ ಮುಚ್ಚೋಯ್ತು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬಂದಿದ್ದು ಇದ್ರಲ್ಲೇ. ನಮ್ಮನೆಯವ್ರು ಆವತ್ತು ಎಷ್ಟು ನಿಧಾನವಾಗಿ ಓಡಿಸಿದ್ರು ಅಂದ್ರೆ ಹಿಂದಿನವ್ರು ಹಾರ್ನ್ ಮೇಲೆ ಹಾರ್ನ್ ಹೊಡೀತಿದ್ರು, ನಾನು ಹಿಂದಿನ ಸೀಟಲ್ಲಿ ಮಗೂ ತಲೆ ಅಲ್ಲಾಡ್ದೇ ಇರ್ಲಿ ಅಂತ ಕೈ ಕೊಟ್ಕೊಂಡು ಕೂತಿದ್ದೆ.

ಐರ್ಲೆಂಡಿಗೆ ಬರೋದು ಅಂತ ಆದಾಗ ಎಲ್ರೂ ಹೇಳಿದ್ದು ಒಂದೇ ಮಾತು, ಇಲ್ಲೇ ಮಾರ್ಬಿಡಿ, ಅಲ್ಲಿ ಹೋಗಿ ಬೇರೆ ತಗೊಳ್ಳಿ, ಯಾಕೆ ಆ ತಲೆನೋವು ಅಂತ. ಮೇಲ್ನೋಟಕ್ಕೆ ಸರೀನೇ ಅನ್ಸುತ್ತೆ. 2021ರ ಜನವರಿ 1ರಿಂದ ಇಂಗ್ಲೆಂಡಿನ ಕಾರು ಐರ್ಲೆಂಡಿಗೆ ಬಂದ್ರೆ ಅದು ಯುರೋಪಿಯನ್ ಯೂನಿಯನ್ ಆಚೆಯಿಂದ ಬಂದ ಸಾಮಾನು, ಕಸ್ಟಮ್ಸ್ ಡಿಕ್ಲರೇಷನ್ ಕೊಡ್ಬೇಕು, 23 ಪರ್ಸೆಂಟ್ ವ್ಯಾಟ್, ಕಾರು ತಯಾರಾಗಿದ್ದು ಎಲ್ಲಿ ಅನ್ನೋದು ನೋಡ್ಕೊಂಡು 10 ಪರ್ಸೆಂಟ್ ಕಸ್ಟಮ್ಸ್ ಡ್ಯೂಟಿ, ಇದೆಲ್ಲ ಆದ್ಮೇಲೆ ವಿಆರ್‌ಟಿ ಅಂತ ಇನ್ನೊಂದು. ವಿಆರ್‌ಟಿ ಅಂದ್ರೆ ಗಾಡಿ ರಿಜಿಸ್ಟರ್ ಮಾಡೋಕೆ ಕಟ್ಟೋ ಟ್ಯಾಕ್ಸು, 1993ರಿಂದ ಇದೆ. ನಾವು ಎಷ್ಟು ಕೊಟ್ಟು ತಗೊಂಡಿದ್ವಿ ಅನ್ನೋದು ರೆವಿನ್ಯೂದವ್ರಿಗೆ, ಅಂದ್ರೆ ಇಲ್ಲಿನ ಟ್ಯಾಕ್ಸ್ ಇಲಾಖೆಯವ್ರಿಗೆ, ಬೇಕಾಗಿಲ್ಲ, ಆ ಕಾರಿಗೆ ಇವತ್ತು ಐರ್ಲೆಂಡಲ್ಲಿ ಏನು ಬೆಲೆ ಬರುತ್ತೆ ಅಂತ ಅವ್ರೇ ನೋಡಿ, ಕಾರ್ಬನ್ ಎಷ್ಟು ಬಿಡುತ್ತೆ ಅನ್ನೋದರ ಮೇಲೆ 7ರಿಂದ 41 ಪರ್ಸೆಂಟ್‌ವರೆಗೂ ಹಾಕ್ತಾರೆ, ಜೊತೆಗೆ ನೈಟ್ರೋಜನ್ ಆಕ್ಸೈಡ್‌ಗೆ ಅಂತ ಬೇರೆ ಲೆಕ್ಕ.

ಆದ್ರೆ ಮನೆ ಸಮೇತ ದೇಶ ಬದಲಾಯಿಸಿ ಬರೋರಿಗೆ ಒಂದು ವಿನಾಯ್ತಿ ಇದೆ, ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ ಅಂತ. ಕನಿಷ್ಠ 12 ತಿಂಗಳು ಯೂನಿಯನ್ನಿನ ಹೊರಗೆ ವಾಸ ಇದ್ದಿರ್ಬೇಕು, ಬರೋ ಮುಂಚೆ 6 ತಿಂಗಳಾದ್ರೂ ಕಾರು ನಮ್ಮದಾಗಿರ್ಬೇಕು, ನಾವೇ ಅಲ್ಲಿ ಬಳಸಿರ್ಬೇಕು. ಬಂದು ರಿಜಿಸ್ಟರ್ ಆದ್ಮೇಲೆ 12 ತಿಂಗಳು ಮಾರೋ ಹಾಗಿಲ್ಲ, ಬಾಡಿಗೆಗೆ ಕೊಡೋ ಹಾಗಿಲ್ಲ, ಸುಮ್ನೆ ಎರವಲೂ ಕೊಡೋ ಹಾಗಿಲ್ಲ. ಇದು ನನಗೆ ಬಹಳ ನ್ಯಾಯವಾದ ಕಾನೂನು ಅನ್ಸುತ್ತೆ. ವ್ಯಾಪಾರಕ್ಕೆ ತಂದಿದ್ದಲ್ಲ, ನಿಮ್ಮ ಬದುಕಿನ ಜೊತೆ ಬಂದಿದ್ದು ಅಂತ ತೋರ್ಸಿ, ನಾವು ಟ್ಯಾಕ್ಸ್ ಕೇಳಲ್ಲ ಅಂತಾರೆ. ಅರ್ಜಿ ಮಾತ್ರ ರಿಜಿಸ್ಟರ್ ಮಾಡ್ಸೋಕೆ ಮುಂಚೇನೇ ಹಾಕ್ಬೇಕು.

ತೋರ್ಸೋದು ಹೇಗೆ ಅನ್ನೋದೇ ಕಥೆ. ಇಂಗ್ಲೆಂಡಿನ ಲಾಗ್‌ಬುಕ್ ಇದೆಯಲ್ಲ, ವಿ5ಸಿ, ನಮ್ಮೂರಲ್ಲಿ ಆರ್‌ಸಿ ಇದ್ದ ಹಾಗೆ, ಅದರ ಮೇಲೇನೇ ಇದು ಮಾಲೀಕತ್ವಕ್ಕೆ ಸಾಕ್ಷಿ ಅಲ್ಲ ಅಂತ ಅಚ್ಚು ಹಾಕಿರ್ತಾರೆ. ಅದ್ರಲ್ಲಿ ಇರೋದು ಕಾರನ್ನ ಇಟ್ಕೊಂಡಿರೋರ ಹೆಸ್ರು, ಕಾರಿನ ಒಡೆಯರ ಹೆಸ್ರು ಅಂತೇನಿಲ್ಲ. ಹಾಗಾಗಿ ಕಾರು ತಗೊಂಡಾಗಿನ ಇನ್ವಾಯ್ಸು ಹುಡುಕ್ದೆ, ದುಡ್ಡು ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ಇನ್ಶೂರೆನ್ಸ್ ಕಾಗದಗಳು, ಸರ್ವಿಸ್ ಪುಸ್ತಕ. ಗಾಡಿ ರಸ್ತೆಗಿಳಿಸೋಕೆ ಸರಿ ಇದೆಯಾ ಅಂತ ಅಲ್ಲಿ ಪ್ರತಿ ವರ್ಷ ಮಾಡೋ ಎಂಒಟಿ ತಪಾಸಣೆಯಲ್ಲಿ ಎಷ್ಟು ಮೈಲಿ ಓಡಿದೆ ಅಂತ ದಾಖಲಾಗಿರುತ್ತೆ, ಅದನ್ನೂ ಪ್ರಿಂಟ್ ತೆಗ್ದೆ. ಆಮೇಲೆ ನಾವು ಅಲ್ಲಿ ಇದ್ವಿ ಅನ್ನೋಕೆ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು, ಸಂಬಳದ ಚೀಟಿ. ಅಲ್ಲಿಂದ ಹೊರಟ್ವಿ ಅನ್ನೋಕೆ ಬಾಡಿಗೆ ಮನೆ ಬಿಟ್ಟ ಪತ್ರ, ಕೆಲಸ ಬಿಟ್ಟ ಪತ್ರ. ಇಲ್ಲಿ ಬಂದ್ವಿ ಅನ್ನೋಕೆ ನಾವೀಗಿರೋ ಕಿಲ್ಡೇರ್ ಕೌಂಟಿಯ (ಜಿಲ್ಲೆ ಇದ್ದ ಹಾಗೆ) ಮನೆಯ ಕರಾರು, ಕರೆಂಟ್ ಬಿಲ್ಲು, ಮಗಳ ಸ್ಕೂಲಿನ ಪತ್ರ.

ಆ ಮೈಲಿಗಳ ಪಟ್ಟಿ ನೋಡ್ತಾ ಒಂದು ರಾತ್ರಿ ಅಡುಗೆಮನೆ ಟೇಬಲ್ ಹತ್ರ ಎಷ್ಟೊತ್ತು ಕೂತಿದ್ನೋ ಗೊತ್ತಿಲ್ಲ. ಒಂದು ವರ್ಷ ಪೂರ್ತಿ ಕಾರು ಓಡೇ ಇಲ್ಲ ಅನ್ನೋ ಹಾಗಿತ್ತು, ಅದು ಲಾಕ್‌ಡೌನ್ ವರ್ಷ. ಅದರ ಮುಂದಿನ ವರ್ಷ ಒಮ್ಮೆಲೇ ಏರಿದೆ, ಆಗ ನಮ್ಮನೆಯವ್ರಿಗೆ ದೂರದ ಆಫೀಸಿಗೆ ದಿನಾ ಹೋಗಿ ಬರೋ ಕೆಲ್ಸ. ಮಗಳು ಹುಟ್ಟಿದ ವರ್ಷದ ಮೈಲಿಗಳೆಲ್ಲ ಬರೀ ಆಸ್ಪತ್ರೆಗೆ ಓಡಾಡಿದ್ದು. ಡೈರಿ ಬರೆಯೋ ಅಭ್ಯಾಸ ನನಗಿಲ್ಲ. ತಪಾಸಣೆ ಮಾಡೋ ಯಾರೋ ಅಪರಿಚಿತರು ಮೀಟರ್ ನೋಡಿ ವರ್ಷಕ್ಕೊಂದು ಅಂಕಿ ಗುರುತು ಹಾಕ್ತಾ ಹೋಗಿದ್ದಾರೆ, ಅಷ್ಟರಲ್ಲಿ ನಮ್ಮ ಸಂಸಾರ ಎಲ್ಲ ಕಾಣ್ತಾ ಇತ್ತು.

ಇಷ್ಟೆಲ್ಲ ಕಾಗದ ಜೋಪಾನವಾಗಿ ಸೇರಿಸಿದ ಅದೇ ನಾನು, ಕೈಗೆ ಕೊಡೋಕೆ ಬಂದ ಪ್ಲೇಟನ್ನ ಕಣ್ಣೆತ್ತಿ ನೋಡ್ದೆ "ಬೇಡ" ಅಂದೆ. ಇದೇ ನನಗೆ ತಡ್ಕೊಳ್ಳೋಕೆ ಆಗ್ತಿಲ್ಲ.

ವೇಲ್ಸ್‌ನ ಹಾಲಿಹೆಡ್ ಬಂದರಿನಿಂದ ಡಬ್ಲಿನ್‌ಗೆ ಹಡಗಲ್ಲಿ ಮೂರೂಕಾಲು ಗಂಟೆ. ಕಾರು ಕೆಳಗಿನ ಡೆಕ್ಕಲ್ಲಿ, ನಾವು ಮೇಲೆ. ಮಗಳು ಎರಡು ಮೂರು ಸಲ ಕೇಳಿದ್ಲು, ಅಮ್ಮ ಕಾರಿಗೆ ಕತ್ಲಲ್ಲಿ ಭಯ ಆಗಲ್ವಾ ಅಂತ. ಇಳಿದ ಮೇಲೆ ದಿನ ಎಣಿಸೋದು ಶುರು. 7 ದಿನದೊಳಗೆ ತಪಾಸಣೆಗೆ ಸಮಯ ಬುಕ್ ಮಾಡ್ಬೇಕು, 30 ದಿನದೊಳಗೆ ರಿಜಿಸ್ಟರ್ ಆಗಿರ್ಬೇಕು. ರಸ್ತೆ ಎಡಗಡೆಯದೇ, ಸ್ಟೀರಿಂಗ್ ಬಲಗಡೆಯದೇ, ಆ ಕಷ್ಟ ಇಲ್ಲ. ಆದ್ರೆ ಇಲ್ಲಿ 2005ರ ಜನವರಿಯಿಂದ ಸ್ಪೀಡ್ ಬೋರ್ಡೆಲ್ಲ ಕಿಲೋಮೀಟರಲ್ಲಿ, ನಮ್ಮ ಮೀಟರ್ ತೋರ್ಸೋದು ಮೈಲಿ. ಮೊದಲ ವಾರ ನಾನು 80 ಅಂತ ಬೋರ್ಡ್ ನೋಡಿ ಮನಸ್ಸಲ್ಲೇ 50 ಅಂತ ಹೇಳ್ಕೊಂಡು ಓಡಿಸ್ತಿದ್ದೆ.

ಈ ಮಧ್ಯೆ ನಮ್ಮ ಪರಿಚಯದವ್ರೊಬ್ರು, ಇಲ್ಲಿ ಬಹಳ ವರ್ಷದಿಂದ ಇರೋರು, ವೀಕೆಂಡಿಗೆ ಕಾರು ಕೊಡಿ ಅಂತ ಕೇಳಿದ್ರು. ಎರವಲು ಕೊಟ್ರೆ ವಿನಾಯ್ತಿ ಹೋಗುತ್ತೆ ಅಂತ ನಮ್ಮನೆಯವ್ರು ಬಿಡಿಸಿ ಹೇಳಿದ್ರು. "ಯಾರ್ರೀ ನೋಡ್ತಾರೆ" ಅಂದ್ರು. ನಾವು ಕೊಡ್ಲಿಲ್ಲ, ಅವತ್ತಿಂದ ಅವ್ರು ಮಾತಾಡಿಸ್ತಾ ಇಲ್ಲ. ಬೇಜಾರಿದೆ, ಆದ್ರೂ ಹೇಳ್ತೀನಿ, ಇಂಥ ಮಾತು ಹೇಳೋರು ಸಿಕ್ಕಿಹಾಕ್ಕೊಂಡಾಗ ಯಾವತ್ತೂ ಪಕ್ಕದಲ್ಲಿ ನಿಂತಿರಲ್ಲ. ರಿಜಿಸ್ಟರ್ ಮಾಡಿಸ್ದೆ ಹೊರಗಿನ ನಂಬರಲ್ಲೇ ಓಡಾಡೋ ಕಾರನ್ನ ಇಲ್ಲಿ ಜಪ್ತಿ ಮಾಡೋ ಅಧಿಕಾರ ರೆವಿನ್ಯೂದವ್ರಿಗೆ ಇದೆ. ವರ್ಷಾನುಗಟ್ಲೆ ದೇಶದಲ್ಲಿದ್ದು ಅಲ್ಲಿನ ಕಾನೂನನ್ನ ಹೊಸಬರ ಮುಂದೆ ಹಗುರ ಮಾಡಿ ಮಾತಾಡೋದು ನನಗೆ ಹಿಡಿಸಲ್ಲ, ನಾಳೆ ಹೊಸಬರೇ ದಂಡ ಕಟ್ಟೋದು.

ತಪಾಸಣೆ ಸೆಂಟರಿನ ವಯಸ್ಸಾದ ಮನುಷ್ಯರ ಬಗ್ಗೆ ಮಾತ್ರ ಒಳ್ಳೇ ಮಾತು ಹೇಳ್ಲೇಬೇಕು. ಮುಂದಿನ ಗಾಜಿನ ಕೆಳಗೆ ಟಾರ್ಚ್ ಬಿಟ್ಟು ಚಾಸಿ ನಂಬರಿನ 17 ಅಕ್ಷರಗಳನ್ನೂ ಒಂದೊಂದೇ ಓದಿ ಕಾಗದದ ಜೊತೆ ತಾಳೆ ನೋಡಿದ್ರು. ಮಗಳು ಪಕ್ಕ ಹೋಗಿ ಇಣುಕಿದ್ಲು. ಅವ್ರು ಅವಳಿಗೂ ಟಾರ್ಚ್ ಕೊಟ್ಟು, ನೋಡಮ್ಮ, ಶುರುವಲ್ಲಿ ಎಸ್ ಇದೆಯಲ್ಲ, ಬ್ರಿಟನ್ನಿನಲ್ಲಿ ತಯಾರಾಗಿದ್ದಕ್ಕೆ ಎಸ್ಸಿಂದಲೇ ಶುರು, ಇದನ್ನ ಯಾರೂ ಬದಲಾಯಿಸಲ್ಲ, ಬದಲಾಗೋದು ಹೊರಗಿನ ಪ್ಲೇಟ್ ಮಾತ್ರ ಅಂದ್ರು. ನಾವು ಇಲ್ಲಿಗೆ ಬಂದ ಮೇಲೆ ಯಾರಾದ್ರೂ ಅವಳ ಹತ್ರ ಕೂತು ಏನನ್ನಾದ್ರೂ ಸಮಾಧಾನವಾಗಿ ಹೇಳಿಕೊಟ್ಟಿದ್ದು ಅದೇ ಮೊದಲು.

ಹೊಸ ನಂಬರ್ ಬಂತು. 162, ಆಮೇಲೆ ಕೆಇ, ಆಮೇಲೆ ಅಂಕಿಗಳು. ಕಾರು ಮೊದಲು ರಿಜಿಸ್ಟರ್ ಆದ ವರ್ಷ 2016, ವರ್ಷದ ಎರಡನೇ ಅರ್ಧ, ಅದಕ್ಕೆ 162. 2013ಕ್ಕೆ ಮುಂಚೆ ಬರೀ ವರ್ಷದ ಎರಡು ಅಂಕಿ ಇರ್ತಿತ್ತು, 13 ಅಂತ ಪ್ಲೇಟಲ್ಲಿದ್ರೆ ಅಪಶಕುನ ಅಂತ ಜನ ಕಾರೇ ತಗೊಳ್ಳದೇ ಹೋದ್ರೆ ಅನ್ನೋ ಭಯಕ್ಕೆ 131, 132 ಅಂತ ಮಾಡಿದ್ರಂತೆ. ಕೆಇ ಅಂದ್ರೆ ಕಿಲ್ಡೇರ್, ಪ್ಲೇಟಿನ ಮೇಲ್ಗಡೆ ಸಣ್ಣಕ್ಷರದಲ್ಲಿ ಐರಿಷ್ ಭಾಷೇಲಿ ಕಿಲ್ ದಾರಾ ಅಂತಾನೂ ಇದೆ. ಹುಟ್ಟಿದ ವರ್ಷ ಹಾಗೇ ಇಟ್ಟಿದ್ದಾರೆ, ಮಧ್ಯ ಎಲ್ಲಿತ್ತು ಅನ್ನೋದು ಎಲ್ಲೂ ಇಲ್ಲ. ನಿನ್ನೆಯವರೆಗೂ ಇಲ್ಲೇ ಇದ್ದ ಕಾರು ಅನ್ನೋ ಹಾಗೆ ಕಾಣುತ್ತೆ.

ಅದು ಒಳ್ಳೇದೇ ಅಂತ ಮೊದಲು ಅಂದ್ಕೊಂಡಿದ್ದೆ. ಸಿಗ್ನಲ್ಲಲ್ಲಿ ನಿಂತಾಗ ಪಕ್ಕದವ್ರು ಹಳದಿ ಪ್ಲೇಟ್ ನೋಡೋದು, ಪಾರ್ಕಿಂಗಲ್ಲಿ ರಜಕ್ಕೆ ಬಂದ್ರಾ ಅಂತ ಕೇಳೋದು, ಇದೆಲ್ಲ ಸಾಕಾಗಿತ್ತು. ರಿಜಿಸ್ಟರ್ ಆಗಿ 3 ದಿನದೊಳಗೆ ಪ್ಲೇಟ್ ಹಾಕ್ಬೇಕು ಅಂತಿದೆ, ನಾನು ಅವತ್ತೇ ಅಂಗಡಿಗೆ ಓಡಿದ್ದೆ. ಬೇಗ ಬೇಗ ಇಲ್ಲಿಯವ್ರ ಹಾಗೆ ಆಗ್ಬಿಡ್ಬೇಕು ಅನ್ನೋ ಅವಸರದಲ್ಲಿ "ಬೇಡ" ಅಂತ ಬಾಯಿಂದ ಬಂದಿದ್ದು ಅಂತ ಈಗ ಅನ್ಸುತ್ತೆ. ದೇಶ ಬಿಟ್ಟು ದೇಶ ಸುತ್ತಿದ ನಾವೆಲ್ಲ ಈ "ಬೇಡ" ಬಹಳ ಸಲ ಹೇಳ್ತೀವಿ. ಹಳೇ ಪಾತ್ರೆ ಬೇಕಾ, ಬೇಡ. ಹಳೇ ಪುಸ್ತಕ ಬೇಕಾ, ಬೇಡ, ತೂಕ ಆಗುತ್ತೆ. ಮಗಳಿಗೆ ಇದು ಮೊದಲನೇ ಸಲ. ಅವಳ ಗೆಳತಿಯರು, ಅವಳ ಪಾರ್ಕು, ಅವಳ ಕೋಣೆ ಬಿಡ್ಬೇಕಾದ್ರೆ ಬೇಕಾ ಅಂತ ಅವಳನ್ನ ಯಾರೂ ಕೇಳಿರ್ಲಿಲ್ಲ. ಕಣ್ಣೆದುರು ಒಂದಕ್ಕೆ ಯಾರೋ ಕೇಳಿದ್ರು, ಅದಕ್ಕೂ ಉತ್ತರ ನಾನೇ ಕೊಟ್ಟುಬಿಟ್ಟೆ.

ರಾತ್ರಿ ಮಲಗಿಸುವಾಗ ಕೇಳಿದ್ಲು, "ಅಮ್ಮ, ಅವ್ರು ಒರೆಸಿ ಕೊಟ್ರಲ್ವಾ?" ಅಂತ. ಹೂಂ ಅಂದೆ. "ಮತ್ತೆ ಯಾಕೆ ಬೇಡ ಅಂದೆ?"

ಬುಧವಾರ ಬೆಳಿಗ್ಗೆ ಅವಳನ್ನ ಸ್ಕೂಲಿಗೆ ಬಿಟ್ಟು ಸೀದಾ ಅಂಗಡಿಗೆ ಹೋದೆ. ಡಬ್ಬ ಖಾಲಿ. ಬೆಳಿಗ್ಗೇನೇ ತಗೊಂಡು ಹೋದ್ರು ಅಂದ್ರು. "ನಾನು ನಿಮ್ಮನ್ನ ಕೇಳಿದ್ದೆ" ಅಂತ ಮೆಲ್ಲಗೆ ಅಂದ್ರು, ಆಕ್ಷೇಪಣೆ ಅಲ್ಲ, ಅವ್ರಿಗೇ ಬೇಜಾರಾಗಿತ್ತು. ಹೌದು ಕೇಳಿದ್ರಿ ಅಂದೆ. ಪ್ಲೇಟ್ ಒರೆಸಿದ ಬಟ್ಟೆ ಇನ್ನೂ ಬೆಂಚಿನ ಮೇಲೇ ಇತ್ತು, ರೆಡಿಂಗ್‌ನ ಮಣ್ಣೋ ಹಾಲಿಹೆಡ್ ದಾರೀದೋ, ಕಪ್ಪಗೆ ಒಂದು ಪಟ್ಟೆ. ಸ್ಕ್ರೂ ಹಾಕಿಡೋ ತಟ್ಟೇಲಿ ಕೈಯಾಡಿಸಿ ಹಳದಿ ಬಣ್ಣದ ಎರಡು ಮುಚ್ಚಳ ಹುಡುಕಿ ತೆಗೆದ್ರು, ಪ್ಲೇಟಿನ ಸ್ಕ್ರೂ ಮೇಲೆ ಹಾಕೋ ಸಣ್ಣ ಟೋಪಿಗಳು, ಹಳದಿ ಪ್ಲೇಟ್ ಇಲ್ಲಿ ಯಾರ್ದೂ ಇರಲ್ಲ, ಇವು ನಿಮ್ದೇ ಇರ್ಬೇಕು ಅಂದ್ರು. ದುಡ್ಡು ಕೊಡೋಕೆ ಹೋದ್ರೆ ಕೈ ಹಿಂದೆ ಸರಿಸಿದ್ರು.

ಮಗಳು ಅವನ್ನ ಪೆನ್ಸಿಲ್ ಬಾಕ್ಸಲ್ಲಿ ಹಾಕಿಟ್ಕೊಂಡಿದ್ದಾಳೆ. ಪ್ಲೇಟ್ ಎಲ್ಲಿ ಅಂತ ಕೇಳಿದ್ಲು, ಸಿಗ್ಲಿಲ್ಲ ಪುಟ್ಟ, ನಾನು ನಿನ್ನ ಕೇಳ್ಬೇಕಿತ್ತು ಅಂತ ಹೇಳಿದೆ.

ನಿನ್ನೆ ಪೇಟೇಲಿ ಪಾರ್ಕಿಂಗ್ ಮಷಿನ್ ಕಾರಿನ ನಂಬರ್ ಕೇಳ್ತು. ನನ್ನ ಬೆರಳು ತಾನಾಗೇ ಹಳೇ ನಂಬರ್ ಒತ್ತಿತು, ಏಳೂ ಅಕ್ಷರ, ಒಂದೂ ತಪ್ಪಿಲ್ಲ. ಹಿಂದೆ ಇಬ್ರು ಕಾಯ್ತಿದ್ರು. ಅಳಿಸ್ದೆ, ಹೊಸದು ನೆನಪಾಗ್ಲಿಲ್ಲ. ಮಗಳು ಕಾರಿನ ಹತ್ರ ಓಡಿಹೋಗಿ ಅಲ್ಲಿಂದಾನೇ ಒಂದೊಂದಾಗಿ ಕೂಗಿ ಹೇಳಿದ್ಲು, ನಾನು ಒತ್ತಿದೆ.