ಮೊರಿಯಾರ್ಟಿಯ ಊರಿನಲ್ಲಿ ಗಣಿಗಾರರ ಬಾವುಟಗಳು

ಇಂಗ್ಲೆಂಡಿನ ಡರ್ಹಮ್ ನೋಡಲೇಬೇಕೆಂಬ ಆಸೆ ನನ್ನಲ್ಲಿ ಹುಟ್ಟಿದ್ದು ಒಂದು ಜಪಾನಿ ಅನಿಮೆಯಿಂದ, ಅಂದರೆ ಅನಿಮೇಷನ್ ಸರಣಿಯಿಂದ. ‘ಮೊರಿಯಾರ್ಟಿ ದ ಪೇಟ್ರಿಯಟ್’ ಎಂಬ ಆ ಸರಣಿಯಲ್ಲಿ ಷರ್ಲಾಕ್ ಹೋಮ್ಸ್‌ನ ಬದ್ಧವೈರಿ ಪ್ರೊಫೆಸರ್ ಮೊರಿಯಾರ್ಟಿಯೇ ಕಥಾನಾಯಕ. ಹೆಸರು ವಿಲಿಯಂ ಜೇಮ್ಸ್ ಮೊರಿಯಾರ್ಟಿ. ಕೆಂಪು ಕಣ್ಣು, ಹೊಂಬಣ್ಣದ ಕೂದಲು, ಮೆಲುದನಿ. ಹಗಲಿನಲ್ಲಿ ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಾನೆ. ಬಡವರ ಮೇಲೆ ದೌರ್ಜನ್ಯ ನಡೆಸಿಯೂ ಕಾನೂನಿನ ಕೈಗೆ ಸಿಗದ ಶ್ರೀಮಂತ ಪ್ರಭುಗಳು ಹೇಗೆ ಸಾಯಬೇಕೆಂಬುದನ್ನು ಉಳಿದ ಹೊತ್ತಿನಲ್ಲಿ ಲೆಕ್ಕ ಹಾಕುತ್ತಾನೆ. ನೊಂದವರು ಅವನಲ್ಲಿಗೆ ಬಂದು ಕಣ್ಣೀರಿಡುತ್ತಾರೆ, ಅವನು ಅವರಿಗೆ ಕೊಲೆಯ ಯೋಜನೆ ಬರೆದುಕೊಡುತ್ತಾನೆ. ಅಪರಾಧಕ್ಕೆ ಸಲಹೆಗಾರ ಎಂಬುದೇ ಅವನ ಗುಟ್ಟಿನ ಉದ್ಯೋಗ.

ರ್‍ಯೋಸುಕೆ ತಾಕೆಉಚಿ ಬರೆದು ಹಿಕಾರು ಮಿಯೋಶಿ ಚಿತ್ರಿಸಿದ ಇದರ ಮೂಲ ಮಾಂಗಾ (ಜಪಾನಿ ಚಿತ್ರಕಥೆ) 2016ರಲ್ಲಿ ಆರಂಭವಾಯಿತು. ಪ್ರೊಡಕ್ಷನ್ ಐ.ಜಿ. ಎಂಬ ಸ್ಟುಡಿಯೊ ಅದನ್ನು ಅನಿಮೆ ಮಾಡಿತು. 2020ರ ಅಕ್ಟೋಬರಿನಲ್ಲಿ ಮೊದಲ ಭಾಗ, 2021ರ ಏಪ್ರಿಲ್‌ನಿಂದ ಎರಡನೆಯದು, ಒಟ್ಟು 24 ಕಂತು. ನ್ಯೂಕಾಸಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ರಾತ್ರಿ ಪಾಳಿ ಮುಗಿಸಿ ಬಂದು, ಪರದೆ ಎಳೆದು, ನಿದ್ದೆ ಬರುವವರೆಗೆ ಅದನ್ನು ನೋಡುತ್ತಿದ್ದೆ. ಹಲವು ಬೆಳಗುಗಳಲ್ಲಿ ನಿದ್ದೆ ಬರಲೇ ಇಲ್ಲ.

ಹೋಮ್ಸ್‌ನ ಮೂಲ ಕಥೆಗಳನ್ನು ಓದಿದವರಿಗೆ ಈ ಸರಣಿಯಲ್ಲಿ ಹೆಚ್ಚಿನ ಸುಖವೊಂದಿದೆ. ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಹೋಮ್ಸ್‌ನನ್ನು ಕೊನೆಗಾಣಿಸಬೇಕೆಂದುಕೊಂಡು ಮೊರಿಯಾರ್ಟಿಯನ್ನು ಸೃಷ್ಟಿಸಿದ. ಇಬ್ಬರನ್ನೂ ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಅಂಚಿಗೆ ತಂದು ನಿಲ್ಲಿಸಿದ. ಆ ಪ್ರೊಫೆಸರನ ಬಗ್ಗೆ ನಮಗೆ ಸಿಗುವ ವಿವರ ಬೆರಳೆಣಿಕೆಯಷ್ಟೇ. ಇಪ್ಪತ್ತೊಂದನೆಯ ವಯಸ್ಸಿಗೆ ದ್ವಿಪದ ಪ್ರಮೇಯದ ಮೇಲೆ ಪ್ರಬಂಧ, ಅದರ ಬಲದಿಂದ ಒಂದು ಚಿಕ್ಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪೀಠ, ಆಮೇಲೆ ಕ್ಷುದ್ರಗ್ರಹಗಳ ಚಲನೆಯ ಬಗ್ಗೆ ಒಂದು ಪುಸ್ತಕ. ಹೆಸರಿನ ವಿಷಯದಲ್ಲಿ ಡಾಯ್ಲ್ ಸ್ವಲ್ಪ ಅಜಾಗರೂಕನಾಗಿದ್ದ. ಮೊದಲ ಕಥೆಯಲ್ಲಿ ಜೇಮ್ಸ್ ಎಂಬುದು ಪ್ರೊಫೆಸರನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಕರ್ನಲ್‌ನ ಹೆಸರು. ಹತ್ತು ವರ್ಷದ ನಂತರದ ಕಥೆಯಲ್ಲಿ ಪ್ರೊಫೆಸರನೇ ಜೇಮ್ಸ್. ಇನ್ನೂ ಮುಂದೆ, ಸ್ಟೇಷನ್ ಮಾಸ್ಟರ್ ಆಗಿರುವ ತಮ್ಮನೊಬ್ಬ ಕಾಣಿಸಿಕೊಳ್ಳುತ್ತಾನೆ. ಈ ಗೊಂದಲವನ್ನೇ ಜಪಾನಿನ ಲೇಖಕರು ಕಥೆಯ ಬೀಜ ಮಾಡಿಕೊಂಡರು: ಆಲ್ಬರ್ಟ್ ಜೇಮ್ಸ್, ವಿಲಿಯಂ ಜೇಮ್ಸ್, ಲೂಯಿ ಜೇಮ್ಸ್ ಎಂದು ಮೂವರು ಸಹೋದರರು. ಅವರಲ್ಲಿ ಹುಟ್ಟಿನಿಂದ ಆ ಮನೆತನದವನು ಆಲ್ಬರ್ಟ್ ಒಬ್ಬನೇ. ಉಳಿದಿಬ್ಬರು ಅನಾಥಾಲಯದಿಂದ ಬಂದವರು. ತನ್ನ ಹೆತ್ತವರನ್ನೂ ಒಡಹುಟ್ಟಿದ ತಮ್ಮನನ್ನೂ ಬೆಂಕಿಗೆ ಒಪ್ಪಿಸಿ ಆಲ್ಬರ್ಟ್ ಈ ಅನಾಥರಲ್ಲಿ ಒಬ್ಬನಿಗೆ, ಅಂದರೆ ನಮ್ಮ ಕಥಾನಾಯಕನಿಗೆ, ಆ ಸತ್ತ ತಮ್ಮ ವಿಲಿಯಂನ ಹೆಸರು ಕೊಡುತ್ತಾನೆ. ಹಳೆಯ ಕಥೆಯೊಂದರ ಬಿರುಕಿನೊಳಗೆ ಇಷ್ಟು ದೊಡ್ಡ ಮನೆ ಕಟ್ಟಿದ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ.

ನಮ್ಮ ವಾರ್ಡಿನ ಸಹೋದ್ಯೋಗಿಯೊಬ್ಬಳು ಡರ್ಹಮ್ ಸೀಮೆಯ ಗಣಿ ಹಳ್ಳಿಯವಳು. ಡರ್ಹಮ್‌ಗೆ ಕರೆದುಕೊಂಡು ಹೋಗು ಎಂದು ಕೇಳಿದಾಗ ಆಕೆ, “ಹೋಗುವುದಾದರೆ ಜುಲೈ ತಿಂಗಳ ಎರಡನೆಯ ಶನಿವಾರ ಹೋಗೋಣ” ಎಂದಳು. ಅಂದು ಗಣಿಗಾರರ ಗಾಲಾ. 1871ರಿಂದ ನಡೆದುಬಂದಿರುವ ಕಾರ್ಮಿಕರ ಜಾತ್ರೆ. ಸ್ಥಳೀಯರು ಅದನ್ನು ‘ದೊಡ್ಡ ಸಭೆ’ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ದುಡಿದ ಅಜ್ಜನ ಮೊಮ್ಮಗಳು ನಾನು ಎಂಬುದು ಆಕೆಗೆ ಗೊತ್ತಿತ್ತು.

ನ್ಯೂಕಾಸಲ್‌ನಿಂದ ರೈಲಿನಲ್ಲಿ ಕಾಲು ಗಂಟೆಯ ಹಾದಿ. ದಾರಿಯಲ್ಲಿ ಆಕೆಗೆ ಸೆಬಾಸ್ಟಿಯನ್ ಮೊರಾನ್‌ನ ವಿಷಯ ಹೇಳಿದೆ. ಅನಿಮೆಯಲ್ಲಿ ವಿಲಿಯಂನ ಬಲಗೈ ಬಂಟನಾಗಿರುವ ಈ ಬಂದೂಕುಗಾರನನ್ನು ಡಾಯ್ಲ್‌ನ ಕಥೆಯಲ್ಲಿ ಹೋಮ್ಸ್ ಪರಿಚಯಿಸುವುದು ಒಂದನೆಯ ಬೆಂಗಳೂರು ಪಯನಿಯರ್ಸ್ ಪಡೆಯ ಮಾಜಿ ಅಧಿಕಾರಿ ಎಂದು. ಲಂಡನ್ನಿನ ಅತ್ಯಂತ ಅಪಾಯಕಾರಿ ಮನುಷ್ಯರ ಪಟ್ಟಿಯಲ್ಲಿ ಎರಡನೆಯವನು ನಮ್ಮ ದಂಡು ಪ್ರದೇಶದ ಹೆಸರು ಹೊತ್ತು ತಿರುಗುತ್ತಾನೆ! ಅಂಥ ಪಡೆ ನಿಜವಾಗಿ ಇರಲಿಲ್ಲ, ಡಾಯ್ಲ್‌ನ ಕಲ್ಪನೆ ಅದು. ಆದರೂ ಆ ಸಾಲನ್ನು ಮೊದಲ ಸಲ ಓದಿದಾಗ ಆದ ಪುಳಕ ನನಗೆ ಇನ್ನೂ ನೆನಪಿದೆ.

ರೈಲು ಎತ್ತರದ ಕಮಾನು ಸೇತುವೆಯ ಮೇಲೆ ನಿಧಾನವಾದಾಗ ಊರು ಒಮ್ಮೆಗೇ ಕಾಣಿಸಿತು. ವೇರ್ ನದಿ ಮೂರು ಕಡೆ ಬಳಸಿಕೊಂಡ ಗುಡ್ಡ. ಅದರ ನೆತ್ತಿಯಲ್ಲಿ 1093ರಲ್ಲಿ ಕಟ್ಟಲು ತೊಡಗಿದ ಕ್ಯಾಥೆಡ್ರಲ್, ಪಕ್ಕದಲ್ಲಿ ಕೋಟೆ. ಇಳಿದು ಫ್ರಾಮ್‌ವೆಲ್‌ಗೇಟ್ ಸೇತುವೆ ದಾಟುವಾಗ ನಾನು ಸುಮ್ಮನೆ ನಿಂತುಬಿಟ್ಟೆ. ಸರಣಿಯಲ್ಲಿ ಒಂದು ಕಂತು ಇದೆ: ವಿಲಿಯಂನ ವಿದ್ಯಾರ್ಥಿಯೊಬ್ಬನನ್ನು ಪ್ರೀತಿಸಿದ ಬಡ ಹುಡುಗಿ ಸೇತುವೆಯಿಂದ ನದಿಗೆ ಬಿದ್ದು ಸಾಯುತ್ತಾಳೆ, ಅವಳನ್ನು ಆ ಗತಿಗೆ ತಂದವನ ಲೆಕ್ಕವನ್ನು ವಿಲಿಯಂ ಚುಕ್ತಾ ಮಾಡುತ್ತಾನೆ. ಚಿತ್ರಕಾರರು ಯಾವ ಸೇತುವೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ, ನನ್ನ ಪಾಲಿಗೆ ಇದೇ ಆ ಸೇತುವೆ.

ಹಿಂದಿನಿಂದ ಹಿತ್ತಾಳೆ ವಾದ್ಯಗಳ ಸದ್ದು ಬಂತು. ತಮಟೆಯಂಥ ದೊಡ್ಡ ಡ್ರಮ್ಮಿನ ಏಟು ಕಲ್ಲುಗೋಡೆಗಳ ನಡುವೆ ಎದೆಗೇ ತಾಗುತ್ತಿತ್ತು. ಒಂದೊಂದು ಗಣಿಯ ಸಂಘಕ್ಕೂ ಒಂದೊಂದು ವಾದ್ಯಮೇಳ, ಅದರ ಮುಂದೆ ರೇಷ್ಮೆಯ ಬೃಹತ್ ಬಾವುಟ. ಎರಡು ಕಂಬಗಳ ನಡುವೆ ಬಿಗಿದ ಬಾವುಟ ಗಾಳಿಗೆ ಉಬ್ಬಿದಾಗ ಹೊತ್ತವರು ಹಿಂದಕ್ಕೆ ಜಗ್ಗುತ್ತಾರೆ, ನಾಲ್ಕು ಮೂಲೆಯ ಹಗ್ಗ ಹಿಡಿದವರು ಸಾವರಿಸುತ್ತಾರೆ. ಡರ್ಹಮ್ ಕಲ್ಲಿದ್ದಲು ಸೀಮೆಯ ಕೊನೆಯ ದೊಡ್ಡ ಗಣಿಗಳು 1993ರಲ್ಲಿ ಮುಚ್ಚಿದವು. ಗಣಿ ಇಲ್ಲ, ಕೂಲಿ ಇಲ್ಲ. ಬಾವುಟಗಳು ಮಾತ್ರ ವರ್ಷವರ್ಷವೂ ಬರುತ್ತವೆ. ನಮ್ಮ ಕಡೆ 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಸಯನೈಡ್ ದಿಬ್ಬಗಳನ್ನು ನೋಡುತ್ತ ಬೆಳೆದವಳಿಗೆ ಇದು ಹೊಟ್ಟೆಕಿಚ್ಚು ಹುಟ್ಟಿಸುವ ನೋಟ.

ಮಾರುಕಟ್ಟೆ ಚೌಕದಲ್ಲಿ ಕುದುರೆಯ ಮೇಲೆ ಕುಳಿತ ಸೇನಾನಿಯ ದೊಡ್ಡ ತಾಮ್ರದ ಪ್ರತಿಮೆಯಿದೆ. “ನಿನ್ನ ಪ್ರೊಫೆಸರನಿಗೆ ಬೇಟೆ ಬೇಕಿದ್ದರೆ ಇವನೇ ಸಾಕಾಗಿತ್ತು, ಆದರೆ ಅಷ್ಟರಲ್ಲಿ ಸತ್ತುಹೋಗಿದ್ದ” ಎಂದಳು ಗೆಳತಿ. ಅದು ಲಂಡನ್‌ಡೆರಿಯ ಮೂರನೆಯ ಮಾರ್ಕ್ವಿಸ್ ಎಂಬ ಬಿರುದಿನ ಪ್ರಭು. 1861ರಲ್ಲಿ ನಿಲ್ಲಿಸಿದ ಪ್ರತಿಮೆ. ಈ ಸೀಮೆಯ ದೊಡ್ಡ ಗಣಿ ಮಾಲೀಕ. ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ಇಳಿಸಬಾರದೆಂಬ 1842ರ ಮಸೂದೆಯನ್ನು ಸಂಸತ್ತಿನ ಪ್ರಭುಗಳ ಸಭೆಯಲ್ಲಿ ಎದ್ದುನಿಂತು ವಿರೋಧಿಸಿದವನು. 1844ರ ಮುಷ್ಕರದಲ್ಲಿ ಗಣಿಗಾರರ ಕುಟುಂಬಗಳನ್ನು ಕಂಪನಿ ಮನೆಗಳಿಂದ ಹೊರಹಾಕಿಸಿದ. ಐರ್ಲೆಂಡಿನ ತನ್ನ ಜಮೀನುಗಳಿಂದ ಆಳುಗಳನ್ನು ತರಿಸಿದ. ಮುಷ್ಕರ ಹೂಡಿದವರಿಗೆ ಸಾಲಕ್ಕೆ ದಿನಸಿ ಕೊಟ್ಟರೆ ಜೋಕೆ ಎಂದು ಸೀಹಮ್ ಎಂಬ ಊರಿನ ಅಂಗಡಿಯವರನ್ನು ಬೆದರಿಸಿದ.

ಅನಿಮೆ ನೋಡುವಾಗ ನನಗೆ ಆಗಾಗ ಒಂದು ಅನುಮಾನ ಬರುತ್ತಿತ್ತು: ಈ ಪ್ರಭುಗಳು ಇಷ್ಟು ಕೆಟ್ಟವರಾಗಿದ್ದರೇ? ಮನುಷ್ಯರನ್ನು ಮೋಜಿಗಾಗಿ ಬೇಟೆಯಾಡುವ ಕೌಂಟ್ ಎಂಡರ್ಸ್‌ನಂಥವನು ಕಥೆಗಾಗಿ ಕೆತ್ತಿದ ರಾಕ್ಷಸ. ಆ ಪ್ರತಿಮೆಯ ಕೆಳಗೆ ನಿಂತಾಗ ಎಂಡರ್ಸ್ ಸಪ್ಪೆಯೆನಿಸಿದ. ಅಂಗಡಿಯವನಿಗೆ ಬೆದರಿಕೆ ಹಾಕಿ ಮಕ್ಕಳ ಹೊಟ್ಟೆಗೆ ಹಿಟ್ಟು ಸಿಗದಂತೆ ಮಾಡುವುದಕ್ಕೆ ರಕ್ತದ ಹುಚ್ಚು ಬೇಕಿಲ್ಲ; ಒಂದು ಕಾಗದ, ಒಂದು ಸಹಿ ಸಾಕು. ಅಂಥವನನ್ನು ಚಾಕುವಿನಿಂದ ಇರಿದರೆ ಏನಾಗುತ್ತಿತ್ತು? ಮಗ ಬರುತ್ತಿದ್ದ. 1880ರ ಸೆಪ್ಟೆಂಬರಿನಲ್ಲಿ ಇದೇ ಮನೆತನದ ಸೀಹಮ್ ಗಣಿಯಲ್ಲಿ ಸ್ಫೋಟವಾಗಿ 160ಕ್ಕೂ ಹೆಚ್ಚು ಗಂಡಸರೂ ಹುಡುಗರೂ ಸತ್ತರು. ಒಳಗೆ ಸಿಕ್ಕಿಕೊಂಡ ಒಬ್ಬ ಗಣಿಗಾರ ತನ್ನ ತಗಡಿನ ನೀರಿನ ಬಾಟಲಿಯ ಮೇಲೆ ಹೆಂಡತಿಗೆ ಕೊನೆಯ ಪತ್ರವನ್ನು ಗೀಚಿಟ್ಟಿದ್ದ. ಮಾರ್ಕ್ವಿಸ್ ತೀರಿಕೊಂಡು ಆಗಲೇ ಎರಡೂವರೆ ದಶಕ ಕಳೆದಿತ್ತು.

ಪ್ಯಾಲೆಸ್ ಗ್ರೀನ್‌ಗೆ ಹತ್ತಿದೆವು. ನಾನು ಬಂದದ್ದೇ ಇದಕ್ಕಾಗಿ. ಹಸಿರು ಚೌಕದ ಒಂದು ತುದಿಗೆ ಕ್ಯಾಥೆಡ್ರಲ್, ಇನ್ನೊಂದು ತುದಿಗೆ ಕೋಟೆ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1832ರಲ್ಲಿ. ಬಿಷಪ್ಪರ ಕೋಟೆಯಲ್ಲಿ ಇಂದಿಗೂ ವಿದ್ಯಾರ್ಥಿಗಳು ವಾಸಿಸುತ್ತಾರೆ. ಡಾಯ್ಲ್ ತನ್ನ ‘ಚಿಕ್ಕ ವಿಶ್ವವಿದ್ಯಾಲಯ’ಕ್ಕೆ ಹೆಸರಿಡಲಿಲ್ಲವಾದರೂ ಅದು ಡರ್ಹಮ್ ಇರಬೇಕೆಂದು ಓದುಗರು ಬಹಳ ಹಿಂದಿನಿಂದಲೂ ಊಹಿಸಿದ್ದಾರೆ. ನನಗೆ ಈ ಊಹೆ ಇಷ್ಟ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿ ಟೆಂಪಲ್ ಶೆವಾಲಿಯರ್ ಎಂಬ ಪ್ರಾಧ್ಯಾಪಕ ಗಣಿತ, ಖಗೋಳ ಎರಡನ್ನೂ ಕಲಿಸುತ್ತ ವೀಕ್ಷಣಾಲಯವನ್ನೂ ನೋಡಿಕೊಳ್ಳುತ್ತಿದ್ದ. ಕ್ಷುದ್ರಗ್ರಹಗಳ ಬಗ್ಗೆ ಪುಸ್ತಕ ಬರೆಯುವ ಗಣಿತಜ್ಞನಿಗೆ ಇದಕ್ಕಿಂತ ತಕ್ಕ ನೆಲೆ ಎಲ್ಲಿದೆ? ಕೋಟೆಯ ಬಾಗಿಲಿನ ಮುಂದೆ ವಿಲಿಯಂ ಹೇಗೆ ನಡೆದುಹೋಗುತ್ತಿದ್ದನೆಂದು ಕಲ್ಪಿಸಿಕೊಂಡೆ: ಕೈಯಲ್ಲಿ ಊರುಗೋಲು, ತಲೆಯ ಮೇಲೆ ಎತ್ತರದ ಟೋಪಿ, ಯಾವ ಅವಸರವೂ ಇಲ್ಲ. ಕಲ್ಪನೆ ಸಲೀಸಾಗಿ ಬಂತು. ಆದರೆ ಅವನು ಬಡವರಿಗಾಗಿ ಮಿಡಿಯುತ್ತಿದ್ದ ಆ ವರ್ಷಗಳಲ್ಲೇ ಗುಡ್ಡದ ಕೆಳಗೆ ಈ ವಾದ್ಯಗಳು ಹೀಗೇ ಬಾರಿಸುತ್ತ ಹಾದುಹೋಗುತ್ತಿದ್ದವಲ್ಲ! ಅವನಿಗೆ ಕೇಳಿಸಲಿಲ್ಲವೇ? 24 ಕಂತುಗಳಲ್ಲಿ ಒಮ್ಮೆಯೂ ಯಾರೂ ಕಿಟಕಿ ತೆರೆದು ನೋಡುವುದಿಲ್ಲ.

ಅನಿಮೆಯ ಬಗ್ಗೆ ನನಗಿರುವ ತಕರಾರು ಇದೊಂದೇ, ಆದರೆ ದೊಡ್ಡದು. ಅಲ್ಲಿನ ಬಡವರು ಒಳ್ಳೆಯವರು, ನೊಂದವರು, ಕೃತಜ್ಞರು. ಅವರು ಒಟ್ಟಾಗಿ ಏನನ್ನೂ ಮಾಡುವುದಿಲ್ಲ. ನಿಜವಾದ ಡರ್ಹಮ್‌ನಲ್ಲಿ ಗಣಿಗಾರರು 1869ರಲ್ಲಿ ಸಂಘ ಕಟ್ಟಿದರು. ಇಡೀ ವರ್ಷ ಒಬ್ಬನೇ ಮಾಲೀಕನಿಗೆ ತಮ್ಮನ್ನು ಕಟ್ಟಿಹಾಕುತ್ತಿದ್ದ ಕರಾರು ಪದ್ಧತಿಯನ್ನು ಮೂರೇ ವರ್ಷದಲ್ಲಿ ತೊಲಗಿಸಿದರು. ಒಬ್ಬ ಪ್ರಭುವೂ ಕೊಲೆಯಾಗಲಿಲ್ಲ. ಚಂದಾ ಎತ್ತಿದರು, ಸಭೆ ಸೇರಿದರು, ಬಾವುಟ ಬರೆಸಿದರು, ಹಸಿದರು, ಮತ್ತೆ ಸಭೆ ಸೇರಿದರು.

ಮಧ್ಯಾಹ್ನ ಬಾವುಟಗಳು ಕ್ಯಾಥೆಡ್ರಲ್‌ನೊಳಗೆ ಬಂದವು. ಹೊರಗೆ ಕುಣಿಸಿದ ಅದೇ ವಾದ್ಯಗಳು ಒಳಗೆ ಅತ್ಯಂತ ನಿಧಾನಗತಿಯಲ್ಲಿ ಗಣಿಗಾರರ ಶೋಕಗೀತೆ ನುಡಿಸಿದವು. ಗಣಿಯಲ್ಲಿ ಸಾವು ಸಂಭವಿಸಿದ ವರ್ಷ ಆ ಸಂಘದ ಬಾವುಟಕ್ಕೆ ಕಪ್ಪು ಬಟ್ಟೆ ಕಟ್ಟುವ ಪದ್ಧತಿ ಇತ್ತೆಂದು ಗೆಳತಿ ಹೇಳಿದಳು. ಗೋಡೆಯ ಬಳಿ ಗಣಿಗಾರರ ಸ್ಮಾರಕವಿದೆ, ಪಕ್ಕದಲ್ಲಿ ಗಣಿಯ ದೀಪವೊಂದು ತೂಗುತ್ತದೆ. ಕತ್ತಲಲ್ಲಿ, ಅಪಾಯದಲ್ಲಿ ದುಡಿದವರನ್ನು ನೆನೆಯಿರಿ ಎಂಬ ಅರ್ಥದ ಮಾತು ಅದರ ಮೇಲೆ. ಚಾಂಪಿಯನ್ ರೀಫ್‌ನಲ್ಲಿ ಬಂಡೆ ಸಿಡಿದು ಅಜ್ಜನ ಜೊತೆಗಾರರು ಹೋದದ್ದನ್ನು ಅಜ್ಜಿ ಪಿಸುದನಿಯಲ್ಲಿ ಹೇಳುತ್ತಿದ್ದಳು. ಅವರನ್ನೂ ನೆನೆದೆ.

ಸಂಜೆ ಗೆಳತಿಯ ತವರಿನಲ್ಲಿ ಊಟ. ಆಕೆಯ ತಂದೆ ಗಣಿ ಮುಚ್ಚುವವರೆಗೂ ಕೆಳಗಿಳಿದವರು. ನಾನು ಹೊಗಳಿದ್ದನ್ನು ಕೇಳಿ ಒಂದು ಕಂತು ತೋರಿಸು ಎಂದರು. ಡರ್ಹಮ್‌ನಲ್ಲೇ ನಡೆಯುವ ಕಂತನ್ನು ಆರಿಸಿದೆ: ಜಮೀನುದಾರ ಪ್ರಭುವಿನ ಕಲ್ಲು ಮನಸ್ಸಿನಿಂದಾಗಿ ವೈದ್ಯರ ನೆರವು ಸಿಗದೆ ತೋಟಗಾರ ದಂಪತಿಯ ಮಗು ಸತ್ತಿರುತ್ತದೆ, ವಿಲಿಯಂನ ಯೋಜನೆಯಂತೆ ಆ ತೋಟಗಾರ ಬೆಳೆದ, ಚಕ್ಕೋತದಂಥ ಗ್ರೇಪ್‌ಫ್ರೂಟ್ ಹಣ್ಣೇ ಪ್ರಭುವಿನ ಔಷಧಿಯೊಡನೆ ಸೇರಿ ಅವನ ಪ್ರಾಣಕ್ಕೆ ಎರವಾಗುತ್ತದೆ. ಆ ಹಣ್ಣು ಕೆಲವು ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುವುದು ನಿಜ. ನಾವು ರೋಗಿಗಳಿಗೆ ದಿನವೂ ಎಚ್ಚರಿಸುತ್ತೇವೆ. ಮಗುವಿನ ದೃಶ್ಯ ನನಗೆ ಪ್ರತಿ ಸಲವೂ ತಡೆಯಲಾಗುವುದಿಲ್ಲ. ವೈದ್ಯರಿದ್ದೂ ನೆರವು ಸಿಗದೆ ಮಗು ಸಾಯುವುದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ.

ಅವರು ಕೊನೆಯವರೆಗೂ ಕಣ್ಣು ಕೀಳದೆ ನೋಡಿದರು. “ಆ ತೋಟಗಾರ ಅಕ್ಕಪಕ್ಕದ ಒಕ್ಕಲುಗಳ ಹತ್ತಿರ ಯಾಕೆ ಹೋಗಲಿಲ್ಲ?” ಎಂದು ಕೇಳಿದರು. ಕೆಲಸ ಹೋದರೆ ಮನೆಯೂ ಹೋಗುತ್ತದಲ್ಲ ಎಂದೆ. “ನಮ್ಮವರದೂ ಹೋಗಿತ್ತು” ಎಂದರು. ನಾನು ಬಿಡಲಿಲ್ಲ. ಸರಣಿಯ ಕೊನೆಯನ್ನು ವಿವರಿಸಿದೆ: ವಿಲಿಯಂ ತಾನೇ ಎಲ್ಲರ ಶತ್ರುವಾಗಿ ಲಂಡನ್ನಿಗೆ ಬೆಂಕಿ ಹಚ್ಚಿಸುತ್ತಾನೆ, ಪ್ರಭುಗಳೂ ಕೂಲಿಗಳೂ ಒಟ್ಟಾಗಿ ನಿಂತು ಅದನ್ನು ಆರಿಸುತ್ತಾರೆ, ಅತ್ತ ಇನ್ನೂ ಕಟ್ಟುತ್ತಿರುವ ಟವರ್ ಬ್ರಿಡ್ಜ್‌ನ ಮೇಲೆ, ಕೊನೆಯ ದುಷ್ಟನಾಗಿ ತಾನೇ ಸಾಯಬೇಕೆಂದು ಹೊರಟ ವಿಲಿಯಂನನ್ನು ಷರ್ಲಾಕ್ ತಡೆಯುತ್ತಾನೆ. ಅವರು ಕೇಳಿದರು, “ಬೆಂಕಿ ಆರಿದ ಮೇಲೆ ಬಾಡಿಗೆ ಯಾರಿಗೆ ಕಟ್ಟಿದರು?”

ನನ್ನ ಉತ್ತರ ಇದಾಗಿತ್ತು: ಅದನ್ನು ವಿಲಿಯಂ ಯೋಚಿಸಿರಲಿಲ್ಲ. ಅವನ ಗಣಿತ ಅವನ ಸಾವಿನೊಂದಿಗೆ ಮುಗಿಯುತ್ತಿತ್ತು, ಆಚೆಗಿನ ಬೆಳಗು ಅದರಲ್ಲಿ ಇರಲಿಲ್ಲ. ಆದ್ದರಿಂದಲೇ ನನಗೆ ಈ ಪತ್ತೇದಾರ ಅಷ್ಟೊಂದು ಪ್ರಿಯ. ನೀನು ಬದುಕಬೇಕು, ಮಾಡಿದ್ದಕ್ಕೆ ಬದುಕಿಯೇ ಬೆಲೆ ತೆರಬೇಕು ಎಂದು ಹಟ ಹಿಡಿಯುವವನು ಅವನೊಬ್ಬನೇ. ಥೇಮ್ಸ್ ನದಿಗೆ ಬೀಳುತ್ತಿರುವ ಗೆಳೆಯನ ಹಿಂದೆ ತಾನೂ ಧುಮುಕಿಬಿಡುತ್ತಾನೆ. ಸತ್ತವನು ಬಾಡಿಗೆಯ ಪ್ರಶ್ನೆಗೆ ಉತ್ತರ ಹೇಳಬೇಕಾಗಿಲ್ಲ, ಉಳಿದವನು ಹೇಳಲೇಬೇಕು.

ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಆ ಪತ್ತೇದಾರನಿರುವ ಕಂತು ಹಾಕು ಎಂದರು. ಷರ್ಲಾಕ್ ಮತ್ತು ವಿಲಿಯಂ ಒಂದೇ ರೈಲಿನಲ್ಲಿ ಕುಳಿತು ಒಂದೇ ಕೊಲೆಯನ್ನು ಪೈಪೋಟಿಯಿಂದ ಬಿಡಿಸುವ ಕಂತನ್ನು ಹಾಕಿದೆ. ನ್ಯೂಕಾಸಲ್‌ನ ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು.